ಡೆರಿ ನಗರಸಭೆಯ ಲೆಕ್ಕ: ಜನ ಹೆಚ್ಚಿದ್ದವರು ಪ್ರತಿ ಸಲ ಸೋಲುತ್ತಿದ್ದದ್ದು ಹೇಗೆ?

ತುಂಗಾತೀರ

ಉತ್ತರ ಐರ್ಲೆಂಡಿನ ಗಲಭೆ ಅಂದ ಕೂಡಲೇ ನಮ್ಮಲ್ಲಿ "ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಜಗಳ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡ್ತೀವಿ. ಆದರೆ 1968ರಲ್ಲಿ ಬೀದಿಗಿಳಿದವರ ಬೇಡಿಕೆ ನೋಡಿದರೆ ಅದರಲ್ಲಿ ಪೋಪ್ ಇಲ್ಲ, ಬೈಬಲ್ ಇಲ್ಲ. ಮನೆ, ಕೆಲಸ, ಮತ, ಪೊಲೀಸ್. ಅಷ್ಟೇ.

ನನ್ನ ಗೊಂದಲ ಡೆರಿ ಊರಿನದ್ದು. 1967ರ ನಗರಸಭೆ ಚುನಾವಣೆ ಹೊತ್ತಿಗೆ ಅಲ್ಲಿ ಕ್ಯಾಥೊಲಿಕ್ ಮತದಾರರು 14,429, ಉಳಿದವರು 8,781. ಗೆದ್ದವರು ಮಾತ್ರ ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಯೂನಿಯನಿಸ್ಟರು, ಅಂದರೆ ಬಹುಪಾಲು ಪ್ರಾಟೆಸ್ಟೆಂಟರು, 12–8. ಪೆಟ್ಟಿಗೆ ಕದ್ದದ್ದಲ್ಲ, ಬೂತ್ ಹೊಡೆದದ್ದಲ್ಲ. ಮತ್ತೆ ಹೇಗೆ? ಮನೆ ಹಂಚಿಕೆಯ ತಕರಾರು ಮೂವತ್ತು ವರ್ಷದ ರಕ್ತಪಾತಕ್ಕೆ ತಿರುಗಿದ್ದಾದರೂ ಹೇಗೆ? ತಿಳಿದವರು ಲೆಕ್ಕ ಸಮೇತ ಹೇಳಿ. "ಬ್ರಿಟಿಷರ ಒಡೆದು ಆಳುವ ನೀತಿ" ಅನ್ನೋ ಉತ್ತರ ದಯವಿಟ್ಟು ಬೇಡ, ಅದು ನನಗೂ ಬರುತ್ತೆ.

ಲೆಕ್ಕದ ಮೇಷ್ಟ್ರು

ಇದು ವಾರ್ಡ್ ಗಡಿಯ ಕೈಚಳಕ. 1936ರಲ್ಲಿ ಊರನ್ನು ಐದು ವಾರ್ಡಿನಿಂದ ಮೂರಕ್ಕೆ ಇಳಿಸಿದರು. ಗಲಭೆಯ ತನಿಖೆ ಮಾಡಿದ ಕ್ಯಾಮರಾನ್ ಆಯೋಗದ 1969ರ ವರದಿಯಲ್ಲಿ ಅಂಕಿಗಳಿವೆ:

ಸೌತ್ ವಾರ್ಡ್: ಕ್ಯಾಥೊಲಿಕ್ 10,047, ಇತರರು 1,138. ಸ್ಥಾನ 8.
ನಾರ್ತ್ ವಾರ್ಡ್: ಕ್ಯಾಥೊಲಿಕ್ 2,530, ಇತರರು 3,946. ಸ್ಥಾನ 8.
ವಾಟರ್‌ಸೈಡ್ ವಾರ್ಡ್: ಕ್ಯಾಥೊಲಿಕ್ 1,852, ಇತರರು 3,697. ಸ್ಥಾನ 4.

ಒಂದು ಸ್ಥಾನಕ್ಕೆ ಎಷ್ಟು ಮತದಾರರು ಅಂತ ಭಾಗಿಸಿ ನೋಡಿ. ಸೌತ್‌ನಲ್ಲಿ 1,398, ವಾಟರ್‌ಸೈಡ್‌ನಲ್ಲಿ 1,387. ಇವೆರಡೂ ಹತ್ತಿರಹತ್ತಿರ ಸಮ. ನಾರ್ತ್‌ನಲ್ಲಿ ಮಾತ್ರ 810. ಮೋಸ ಇರೋದು ಅಲ್ಲಿ.

ಆದರೆ ಅದೊಂದೇ ಅಲ್ಲ. ಮತದಾರರ ಪ್ರಮಾಣಕ್ಕೆ ಸರಿಯಾಗಿ 20 ಸ್ಥಾನ ಹಂಚಿದ್ದರೆ ಸೌತ್‌ಗೆ 10, ಉಳಿದೆರಡಕ್ಕೆ ಐದೈದು. ಆಗಲೂ ಫಲಿತಾಂಶ 10–10! ನೂರಕ್ಕೆ 62 ಜನ ಇದ್ದೂ ಸಮಸಮ. ಯಾಕೆಂದರೆ ಹತ್ತು ಸಾವಿರ ಜನರನ್ನು ಒಂದೇ ವಾರ್ಡಿಗೆ ತುರುಕಿದ್ದಾರೆ. ಆ ವಾರ್ಡ್ ಗೆಲ್ಲಲು ಐದೂವರೆ ಸಾವಿರ ಚಿಲ್ಲರೆ ಮತ ಸಾಕು, ಮಿಕ್ಕಿದ್ದೆಲ್ಲ ದಂಡ. ಆದ್ದರಿಂದ ಎರಡು ಕೈಚಳಕ ಸೇರಿವೆ: ಗಡಿ ಎಳೆದದ್ದು ಒಂದು, ಸ್ಥಾನ ಹಂಚಿದ್ದು ಇನ್ನೊಂದು.

ಮಿರ್ಚಿಭಜಿ

ಐದೂವರೆ ಸಾವಿರ "ಚಿಲ್ಲರೆ" ಅಂದ್ರ ಎಷ್ಟ್ ಮೇಷ್ಟ್ರ? ಲೆಕ್ಕದಾಗ ಚಿಲ್ಲರೆ ಬಿಡಬಾರದು 😄

ಲೆಕ್ಕದ ಮೇಷ್ಟ್ರು

ಎಲ್ಲರೂ ಮತ ಹಾಕಿದರೆ 5,593. ಸಮಾಧಾನ ಆಯ್ತಾ?

ಶಾನುಭೋಗ

ಮೇಷ್ಟ್ರು ಹೇಳಿದ್ದು ಅರ್ಧ. "ಮತದಾರ" ಅಂದರೆ ಯಾರು ಅನ್ನೋದನ್ನು ನೋಡದಿದ್ದರೆ ಮನೆಗೂ ಮತಕ್ಕೂ ಏನು ಸಂಬಂಧ ಅಂತ ಗೊತ್ತಾಗಲ್ಲ.

ಸ್ಥಳೀಯ ಚುನಾವಣೆಯಲ್ಲಿ ಮತ ಇದ್ದದ್ದು ಮನೆಗಂದಾಯದ ಪಟ್ಟಿಯಲ್ಲಿದ್ದ ಮನೆಯವನಿಗೆ ಮತ್ತು ಅವನ ಹೆಂಡತಿಗೆ. ಸ್ವಂತ ಮನೆಯೇ ಆಗಬೇಕಿಲ್ಲ, ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಕೊಡುವ ಬಾಡಿಗೆ ಮನೆಯಾದರೂ ನಡೆಯುತ್ತೆ. ಅಪ್ಪನ ಮನೆಯಲ್ಲೇ ಇರುವ ಮದುವೆಯಾದ ಮಗ, ಸೊಸೆ, ಒಳಬಾಡಿಗೆಗೆ ಕೋಣೆ ಹಿಡಿದವರು, ಇವರಿಗೆಲ್ಲ ಮತ ಇಲ್ಲ. ಕಂಪನಿ ಮಾಲೀಕರಿಗೋ, ಕಂಪನಿ ಹೆಸರಿನಲ್ಲಿ ಆರರವರೆಗೆ ಹೆಚ್ಚುವರಿ ಮತ. ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಪದ್ಧತಿ ತೆಗೆದುಹಾಕಿದರು. ಉತ್ತರ ಐರ್ಲೆಂಡಿನ ಸರ್ಕಾರ 1946ರಲ್ಲಿ ಕಾನೂನು ಮಾಡಿ ಉಳಿಸಿಕೊಂಡಿತು.

ಈಗ ಕೌನ್ಸಿಲ್ ಸದಸ್ಯನ ಜಾಗದಲ್ಲಿ ನಿಂತು ನೋಡಿ. ಒಂದು ಮನೆ ಮಂಜೂರು ಮಾಡಿದರೆ ಎರಡು ಮತ ಹುಟ್ಟುತ್ತೆ. ಯಾವ ವಾರ್ಡಿನಲ್ಲಿ, ಯಾರಿಗೆ ಅನ್ನೋದು ಅವನ ಕೈಲಿದೆ. ಮನೆ ಕೊಡುವವನೂ ಅವನೇ, ಆ ಮನೆಯ ಮತದಿಂದ ಗೆಲ್ಲುವವನೂ ಅವನೇ, ಗೆದ್ದ ಮೇಲೆ ನಗರಸಭೆ ಕೆಲಸ ಕೊಡುವವನೂ ಅವನೇ. ಈ ಗಾಣ ಹೊರಗಿನವರು ನಿಲ್ಲಿಸೋ ತನಕ ತಿರುಗ್ತಾನೇ ಇರುತ್ತೆ.

ಎದುರುವಾದಿ

ಎಲ್ಲರೂ ಒಂದೇ ಕಡೆ ವಾಲಿದ್ದೀರಿ. ಮೂರು ವಿಷಯ ಹೇಳ್ತೀನಿ, ಬೈಯಬೇಡಿ.

ಮನೆ ಇಲ್ಲದವನಿಗೆ ಮತ ಇಲ್ಲ ಅನ್ನೋ ನಿಯಮದಿಂದ ಬಡ ಪ್ರಾಟೆಸ್ಟೆಂಟರೂ ಮತ ಕಳಕೊಂಡರು, ಅವರ ಸಂಖ್ಯೆ ಕಡಿಮೆಯೇನಲ್ಲ. 1923ರಲ್ಲಿ ವಾರ್ಡ್ ಗಡಿ ಮರುವಿಂಗಡಣೆ ಆಯೋಗ ಕೂತಾಗ ಐರ್ಲೆಂಡ್ ಒಂದಾಗಬೇಕು ಅನ್ನುವ ರಾಷ್ಟ್ರೀಯವಾದಿಗಳು ಬಹಿಷ್ಕಾರ ಹಾಕಿ ಮನೆಯಲ್ಲಿ ಕೂತರು. ಆಕ್ಷೇಪಣೆ ಸಲ್ಲಿಸಬೇಕಾದ ದಿನ ಸಲ್ಲಿಸದೆ ಆಮೇಲೆ ಅತ್ತರೆ? ಮೂರನೆಯದು, ಇಡೀ ಪ್ರಾಂತ್ಯದ ಲೆಕ್ಕ ಹಿಡಿದರೆ ಕೌನ್ಸಿಲ್ ಮನೆಗಳಲ್ಲಿ ಕ್ಯಾಥೊಲಿಕರ ಪಾಲು ಅವರ ಜನಸಂಖ್ಯೆಗೆ ತೀರಾ ಕಡಿಮೆಯೇನೂ ಇರಲಿಲ್ಲ. ಹಾಗಿದ್ದ ಮೇಲೆ "ಮನೆಯೇ ಕೊಡಲಿಲ್ಲ" ಅನ್ನೋದು ಉತ್ಪ್ರೇಕ್ಷೆ ತಾನೆ?

ಶಾನುಭೋಗ

ಮೊದಲೆರಡು ನಿಜ, ಒಪ್ಪಿದೆ. ಬಹಿಷ್ಕಾರ ದೊಡ್ಡ ತಪ್ಪು. ಆದರೆ ಬಹಿಷ್ಕಾರಕ್ಕೆ ಮುಂಚೆಯೇ, 1922ರಲ್ಲಿ, ಸ್ಥಳೀಯ ಚುನಾವಣೆಯ ಅನುಪಾತ ಪದ್ಧತಿ (ಮತಕ್ಕೆ ತಕ್ಕಷ್ಟು ಸ್ಥಾನ) ರದ್ದಾಗಿತ್ತು ಅನ್ನೋದನ್ನೂ ಸೇರಿಸಿ. ಅನುಪಾತ ಪದ್ಧತಿ ಇದ್ದಾಗ, 1920ರಲ್ಲಿ, ಇದೇ ಡೆರಿಗೆ ಕ್ಯಾಥೊಲಿಕ್ ಮೇಯರ್ ಬಂದಿದ್ದರು.

ಮೂರನೆಯದರಲ್ಲಿ ನೀವು ಸರಾಸರಿಯ ಹಳ್ಳಕ್ಕೆ ಬಿದ್ದಿರಿ. ಪ್ರಾಟೆಸ್ಟೆಂಟರೇ ಭಾರೀ ಬಹುಮತದಲ್ಲಿದ್ದ ಪೂರ್ವಭಾಗದಲ್ಲಿ ಯಾರಿಗೆ ಮನೆ ಕೊಟ್ಟರೂ ಕುರ್ಚಿ ಅಲುಗಾಡಲ್ಲ, ಹಾಗಾಗಿ ಅಲ್ಲಿ ತಕ್ಕಮಟ್ಟಿಗೆ ನ್ಯಾಯ ಇತ್ತು. ತಾರತಮ್ಯ ಇದ್ದದ್ದು ಬ್ಯಾನ್ ನದಿಯ ಪಶ್ಚಿಮಕ್ಕೆ: ಡೆರಿ, ಡಂಗ್ಯಾನನ್, ಫರ್ಮಾನಾ. ಎರಡು ಮತ ಆಚೀಚೆಯಾದರೆ ಅಧಿಕಾರ ಹೋಗುವ ಜಾಗಗಳು. ಎರಡನ್ನೂ ಕೂಡಿಸಿ ಭಾಗಿಸಿದರೆ ಎಲ್ಲ ಚೆನ್ನಾಗೇ ಕಾಣುತ್ತೆ.

ಕಡಲಕರೆ

ಮಾರಾಯ್ರೇ, "ಕೊಡಲಿಲ್ಲ" ಎನ್ನುವುದಕ್ಕಿಂತ "ಎಲ್ಲಿ ಕೊಟ್ಟರು" ಎಂದು ಕೇಳಬೇಕು. ಡೆರಿಯ ಸೌತ್ ವಾರ್ಡ್‌ನ ಬಾಗ್‌ಸೈಡ್‌ನಲ್ಲಿ ಜಾಗ ಮುಗಿದು ಹೋಗಿತ್ತು. ನಗರದ ಗಡಿ ವಿಸ್ತರಿಸಿ ಹೊರಗೆ ಕಟ್ಟಬಹುದಿತ್ತು, ಇಲ್ಲವೇ ನಾರ್ತ್ ವಾರ್ಡ್‌ನಲ್ಲಿ ಕಟ್ಟಬಹುದಿತ್ತು. ಎರಡನ್ನೂ ಮಾಡಲಿಲ್ಲ. 1966ರ ಹೊತ್ತಿಗೆ ಬಾಗ್‌ಸೈಡ್‌ನಲ್ಲೇ ರಾಸ್‌ವಿಲ್ ಫ್ಲಾಟ್ಸ್ ಎಂದು ಎತ್ತರದ ಮಹಡಿ ಮನೆಗಳು ಎದ್ದು ನಿಂತವು. ಅಡ್ಡಕ್ಕೆ ಬಿಟ್ಟರೆ ವಾರ್ಡ್ ದಾಟುತ್ತಾರೆ, ಹಾಗೆಂದು ಮೇಲಕ್ಕೆ ಕಟ್ಟಿದ್ದು.

ಕಾಗದದಲ್ಲಿ ನೋಡಿದರೆ ಕ್ಯಾಥೊಲಿಕರಿಗೆ ಮನೆ ಸಿಕ್ಕಿದ್ದು ಹೌದು. ನಗರಸಭೆಯ ಒಂದು ಸ್ಥಾನವೂ ಕದಲಲಿಲ್ಲ, ಅದೂ ಹೌದು.

ಮಿರ್ಚಿಭಜಿ

ಅಲ್ರಿ, ನನಗೊಂದ್ ತಿಳೀಲಿಲ್ಲ. 1922ರಿಂದ ಹಿಂಗ ಐತಿ ಅಂದ್ರ 1968ರ ತನಕ ಯಾಕ ಸುಮ್ನಿದ್ರು? ಬಡತನ ಆಗ ಇನ್ನೂ ಜಾಸ್ತಿ ಇತ್ತಲ್ಲ?

ಸಂಜೆಮಲ್ಲಿಗೆ

ಒಳ್ಳೆ ಪ್ರಶ್ನೆ ರೀ. ಬಡತನದ ಆಳವನ್ನು ಅಳೆದು ಗಲಭೆಯ ದಿನಾಂಕ ಹೇಳೋಕಾಗಲ್ಲ. 1947ರ ಶಿಕ್ಷಣ ಕಾಯ್ದೆ ಬಂದ ಮೇಲೆ ಕೂಲಿಕಾರರ ಮಕ್ಕಳಿಗೂ ಪ್ರೌಢಶಾಲೆ, ವಿಶ್ವವಿದ್ಯಾಲಯದ ಬಾಗಿಲು ತೆರೀತು. ಆ ಮಕ್ಕಳು ಓದಿ ಮುಗಿಸಿ ಹೊರಬಂದದ್ದು ಅರವತ್ತರ ದಶಕದಲ್ಲಿ. ಡೆರಿಯ ನಾಯಕ ಜಾನ್ ಹ್ಯೂಮ್ ಆ ತಲೆಮಾರು. 1969ರ ಏಪ್ರಿಲ್‌ನಲ್ಲಿ 21ನೇ ವಯಸ್ಸಿಗೆ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಬರ್ನಡೆಟ್ ಡೆವ್ಲಿನ್ ಕೂಡ. ಅಪ್ಪ ಕೈಕಟ್ಟಿ ನಿಂತಿದ್ದ ಕಚೇರಿಗೆ ಮಗಳು ನಿಯಮದ ಪುಸ್ತಕ ಹಿಡಿದು ಹೋಗಿ "ಯಾವ ಕಲಮಿನ ಪ್ರಕಾರ?" ಅಂತ ಕೇಳಿದಳು.

ಇನ್ನೊಂದು ಸಂಗತಿ. ಅದೇ ಹೊತ್ತಿಗೆ, 1965ರಲ್ಲಿ, ಎರಡನೇ ವಿಶ್ವವಿದ್ಯಾಲಯ ಎಲ್ಲಿ ಅನ್ನೋ ಪ್ರಶ್ನೆ ಬಂತು. ಪ್ರಾಂತ್ಯದ ಎರಡನೇ ದೊಡ್ಡ ನಗರ ಡೆರಿ, ಅಲ್ಲಿ ಆಗಲೇ ಮ್ಯಾಗೀ ಕಾಲೇಜು ಇತ್ತು. ಲಾಕ್‌ವುಡ್ ಸಮಿತಿ ಬೊಟ್ಟುಮಾಡಿದ್ದು ಕೊಲ್‌ರೇನ್ ಅನ್ನೋ ಸಣ್ಣ ಪ್ರಾಟೆಸ್ಟೆಂಟ್ ಪಟ್ಟಣವನ್ನ. ಆಗ ಡೆರಿಯ ಪ್ರಾಟೆಸ್ಟೆಂಟರೂ ಸೇರಿ ಪ್ರತಿಭಟಿಸಿದ್ದರು. ಎದುರುವಾದಿಯವರ ಮೊದಲ ಮಾತಿಗೆ ಇದು ಪೂರಕ: ಊರು ಹಿಂದೆ ಬಿದ್ದರೆ ಇಬ್ಬರೂ ಹಿಂದೆ ಬೀಳ್ತಾರೆ.

ನಾಲ್ಕಾಣೆ

ಊರಿನ ಹೆಸರು ಡೆರಿನಾ, ಲಂಡನ್‌ಡೆರಿನಾ? ನಕ್ಷೆಯಲ್ಲಿ ಬೇರೆ ಇದೆ.

ಕಡಲಕರೆ

ಎರಡೂ ಉಂಟು. ಯಾವ ಹೆಸರು ಬಾಯಿಗೆ ಬರುತ್ತದೆ ಎಂಬುದರ ಮೇಲೆ ನೀವು ಯಾವ ಕಡೆ ಎಂದು ಅಲ್ಲಿನವರು ಹೇಳಿಬಿಡುತ್ತಾರೆ. ಎರಡೂ ಬೇಡ ಎಂದು ರೇಡಿಯೋದವನೊಬ್ಬ, "ಡೆರಿ/ಲಂಡನ್‌ಡೆರಿ" ಎಂದು ಬರೆಯುವಾಗಿನ ನಡುವಿನ ಓರೆಗೆರೆಯ (ಸ್ಟ್ರೋಕ್) ಲೆಕ್ಕದಲ್ಲಿ "ಸ್ಟ್ರೋಕ್ ಸಿಟಿ" ಅಂತ ಕರೆದ.

ತುಂಗಾತೀರ

ಹೆಸರಿನ ಜಗಳ ಆಮೇಲೆ. ಕೆಲಸದ ಕಡೆ ಯಾರಾದರೂ ಬರ್ತೀರಾ?

ಬೆವರಸಾಲ

1971ರ ಜನಗಣತಿ: ಕ್ಯಾಥೊಲಿಕ್ ಗಂಡಸರಲ್ಲಿ ನಿರುದ್ಯೋಗ ಶೇ. 17.3, ಪ್ರಾಟೆಸ್ಟೆಂಟ್ ಗಂಡಸರಲ್ಲಿ ಶೇ. 6.6. ಹತ್ತು ವರ್ಷ ಬಿಟ್ಟು 1981ರಲ್ಲಿ 30.2 ಮತ್ತು 12.4. ಎರಡೂ ಕಡೆ ಏರಿತು. ಅನುಪಾತ ಮಾತ್ರ ಎರಡೂವರೆ ಪಟ್ಟಿನ ಆಸುಪಾಸಿನಲ್ಲೇ ನಿಂತಿತು.

ಅನುಪಾತ ಕದಲದಿರೋದಕ್ಕೆ ಕಾರಣ ಕೆಲಸಕ್ಕೆ ತೆಗೆದುಕೊಳ್ಳುವ ರೀತಿ. ಬೆಲ್‌ಫಾಸ್ಟಿನ ಹಾರ್ಲಂಡ್ ಅಂಡ್ ವುಲ್ಫ್ ಹಡಗುಕಟ್ಟೆಯಲ್ಲಿ ಎಪ್ಪತ್ತರ ದಶಕದ ಆರಂಭಕ್ಕೆ ಸುಮಾರು 10,000 ಕೆಲಸಗಾರರು, ಅದರಲ್ಲಿ ಕ್ಯಾಥೊಲಿಕರು ಸುಮಾರು 400. ಅಲ್ಲಿ ಯಾರೂ "ಕ್ಯಾಥೊಲಿಕರು ಬೇಡ" ಅಂತ ಬೋರ್ಡ್ ಹಾಕಬೇಕಿರಲಿಲ್ಲ. ಅಪ್ಪ ಮಗನ ಹೆಸರು ಹೇಳ್ತಾನೆ, ಮಾವ ಅಳಿಯನ ಹೆಸರು ಹೇಳ್ತಾನೆ, ಜಾಹೀರಾತು ಕೊಡುವ ಮೊದಲೇ ಜಾಗ ತುಂಬಿರುತ್ತೆ. 1920ರ ಜುಲೈನಲ್ಲಿ ಕ್ಯಾಥೊಲಿಕರನ್ನು ಹೊಡೆದೋಡಿಸಿದ ಮೇಲೆ ಆ ಸರಪಳಿಯಲ್ಲಿ ಅವರ ಕೊಂಡಿಯೇ ಇರಲಿಲ್ಲ.

ಸರ್ಕಾರಿ ಕೆಲಸದಲ್ಲೂ ಇದೇ ಕತೆ. ಕ್ಯಾಥೊಲಿಕರೇ ಹೆಚ್ಚಿದ್ದ ಫರ್ಮಾನಾದಲ್ಲಿ ಶಾಲಾ ಬಸ್ಸಿನ ಚಾಲಕರು ಸುಮಾರು 75 ಜನ, ಅವರಲ್ಲಿ ಕ್ಯಾಥೊಲಿಕರು ಹೆಚ್ಚೆಂದರೆ ಏಳು. ಇದೂ ಕ್ಯಾಮರಾನ್ ವರದಿಯಲ್ಲೇ ಇದೆ. ಬಸ್ ಓಡಿಸೋಕೆ ಯಾವ ಪದವಿ ಬೇಕು ಹೇಳಿ.

ಡೆರಿಯದು ಇನ್ನೊಂದು ಥರ. ಅಲ್ಲಿದ್ದದ್ದು ಅಂಗಿ ಹೊಲಿಯುವ ಕಾರ್ಖಾನೆಗಳು, ಕೆಲಸ ಹೆಂಗಸರಿಗೆ. ಗಂಡಸರು ಮನೆಯಲ್ಲಿ. ನಿರುದ್ಯೋಗಿ ಗಂಡಸರು ಹಗಲೆಲ್ಲ ಬೀದಿಮೂಲೆಯಲ್ಲಿ ಇರುವ ಊರಿನಲ್ಲಿ ಪೊಲೀಸರು ಲಾಠಿ ಎತ್ತಿದರೆ ಏನಾಗುತ್ತೆ ಅನ್ನೋದಕ್ಕೆ ಸಂಶೋಧನೆ ಬೇಕಿಲ್ಲ.

ಎದುರುವಾದಿ

ಬೆವರಸಾಲ ಅವರೇ, ಎರಡೂವರೆ ಪಟ್ಟು ಪೂರ್ತಿ ತಾರತಮ್ಯದಿಂದಲೇ ಅಂತ ಹೇಳೋಕಾಗಲ್ಲ. ಕ್ಯಾಥೊಲಿಕರು ಹೆಚ್ಚಿದ್ದ ಪಶ್ಚಿಮದಲ್ಲಿ ಕೈಗಾರಿಕೆಯೇ ಕಡಿಮೆ, ಕುಟುಂಬ ದೊಡ್ಡದು, ಕೌಶಲದ ಕಸುಬಿನವರು ಕಡಿಮೆ.

ಬೆವರಸಾಲ

ನಿಜ, ಪೂರ್ತಿ ಅಂತ ನಾನೂ ಹೇಳಿಲ್ಲ. ಆದರೆ ಕೈಗಾರಿಕೆ ಎಲ್ಲಿಗೆ ಹೋಗಬೇಕು ಅಂತ ಸಹಾಯಧನ ಕೊಟ್ಟು ತೀರ್ಮಾನ ಮಾಡಿದವರು ಯಾರು? ಹೊಸ ನಗರ ಕಟ್ಟಿದ್ದು ಪೂರ್ವದಲ್ಲಿ, ಅದಕ್ಕೆ ಇಟ್ಟ ಹೆಸರು ಕ್ರೇಗವನ್, ಅಂದರೆ ಉತ್ತರ ಐರ್ಲೆಂಡಿನ ಮೊದಲ ಯೂನಿಯನಿಸ್ಟ್ ಪ್ರಧಾನಿಯದು.

ಶಾನುಭೋಗ

ಮೂಲಪ್ರಶ್ನೆಯ ಎರಡನೇ ಭಾಗಕ್ಕೆ ಬರೋಣ, ಕಿಡಿ ಹತ್ತಿದ್ದು ಹೇಗೆ ಅಂತ.

ಡಂಗ್ಯಾನನ್ ಹತ್ತಿರ ಕ್ಯಾಲಿಡನ್ ಅನ್ನೋ ಹಳ್ಳಿ. 1968ರ ಜೂನ್. ಒಂದು ಕೌನ್ಸಿಲ್ ಮನೆಯಲ್ಲಿ ಬಂದು ಕೂತಿದ್ದ ಕ್ಯಾಥೊಲಿಕ್ ಸಂಸಾರವನ್ನು ಎಬ್ಬಿಸಿ ಹೊರಹಾಕಿದರು. ಪಕ್ಕದ ಮನೆ ಸಿಕ್ಕಿದ್ದು ಮದುವೆಯಾಗದ 19 ವರ್ಷದ ಪ್ರಾಟೆಸ್ಟೆಂಟ್ ಹುಡುಗಿಗೆ, ಯೂನಿಯನಿಸ್ಟ್ ರಾಜಕಾರಣಿಯೊಬ್ಬರ ವಕೀಲರ ಬಳಿ ಕಾರ್ಯದರ್ಶಿಯಾಗಿದ್ದವಳು. ಮಕ್ಕಳೊಂದಿಗರು ಪಟ್ಟಿಯಲ್ಲಿ ಕಾಯ್ತಾ ಇದ್ದಾರೆ. ಶಾಸಕ ಆಸ್ಟಿನ್ ಕರಿ ಎಲ್ಲ ಬಾಗಿಲು ತಟ್ಟಿ ಸೋತು, ಜೂನ್ 20ರಂದು ಆ ಮನೆಗೇ ನುಗ್ಗಿ ಕೂತರು. ಕೆಲವೇ ಗಂಟೆ. ಪೊಲೀಸರು ಎಳೆದು ಹಾಕಿದ್ದನ್ನು ಟಿವಿ ತೋರಿಸಿತು.

ಆಗಸ್ಟ್ 24ಕ್ಕೆ ಕೋಲ್‌ಐಲೆಂಡಿನಿಂದ ಡಂಗ್ಯಾನನ್‌ಗೆ ಮೆರವಣಿಗೆ, ಶಾಂತವಾಗಿ ಮುಗೀತು. ಅಕ್ಟೋಬರ್ 5ಕ್ಕೆ ಡೆರಿ. ಗೃಹಮಂತ್ರಿ ವಿಲಿಯಂ ಕ್ರೇಗ್ ಆ ದಾರಿಗೆ ನಿಷೇಧ ಹಾಕಿದರು. ಡ್ಯೂಕ್ ಸ್ಟ್ರೀಟ್‌ನಲ್ಲಿ ಮುಂದೆ ಪೊಲೀಸರು, ಹಿಂದೆಯೂ ಪೊಲೀಸರು, ನಡುವೆ ಜನ. ಚದುರೋಕೆ ದಾರಿಯೇ ಇಲ್ಲದ ಗುಂಪಿನ ಮೇಲೆ ಲಾಠಿ. ಸಂಸದ ಗೆರ್ರಿ ಫಿಟ್ ತಲೆಯಿಂದ ರಕ್ತ ಸುರಿಯೋದನ್ನು ಐರ್ಲೆಂಡಿನ ಟಿವಿ ಆರ್‌ಟಿಇಯ ಕ್ಯಾಮೆರಾ ಸೆರೆಹಿಡಿಯಿತು. ಏಳು ವಾರದಲ್ಲಿ, ನವೆಂಬರ್ 22ಕ್ಕೆ, ಉತ್ತರ ಐರ್ಲೆಂಡಿನ ಪ್ರಧಾನಿ ಓ'ನೀಲ್ ಐದು ಸುಧಾರಣೆ ಘೋಷಿಸಿದರು: ಅಂಕಪದ್ಧತಿಯಲ್ಲಿ ಮನೆ, ದೂರು ಕೇಳುವ ಓಂಬುಡ್ಸ್‌ಮನ್, ಡೆರಿ ನಗರಸಭೆ ವಿಸರ್ಜಿಸಿ ಅಭಿವೃದ್ಧಿ ಆಯೋಗ, ಕಂಪನಿ ಮತ ರದ್ದು, ವಿಶೇಷಾಧಿಕಾರ ಕಾಯ್ದೆಯ ಮರುಪರಿಶೀಲನೆ. ಆ ಪಟ್ಟಿಯಲ್ಲಿ ಇಲ್ಲದ್ದು ಯಾವುದು ಗೊತ್ತಾ? ಎಲ್ಲ ವಯಸ್ಕರಿಗೂ ಒಂದು ಮತ. ಬೀದಿಯಲ್ಲಿ ಕೂಗಿದ್ದೇ ಅದನ್ನ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1969ರ ಏಪ್ರಿಲ್‌ನಲ್ಲಿ, ಒಪ್ಪಿಸಿದ ಬೆನ್ನಿಗೇ ಓ'ನೀಲ್ ಕುರ್ಚಿ ಹೋಯ್ತು.

ಸಂಜೆಮಲ್ಲಿಗೆ

ಆಮೇಲೆ ಎಲ್ಲ ಕೈಮೀರಿತು. 1969ರ ಆಗಸ್ಟ್ 12–14 ಬಾಗ್‌ಸೈಡ್ ಕಾಳಗ, 14ಕ್ಕೆ ಸೈನ್ಯ ಬಂತು. 1971ರ ಆಗಸ್ಟ್ 9ಕ್ಕೆ ವಿಚಾರಣೆಯಿಲ್ಲದ ಬಂಧನ, ಮೊದಲ ದಿನವೇ 342 ಜನ, ಹೆಚ್ಚುಕಮ್ಮಿ ಎಲ್ಲರೂ ಕ್ಯಾಥೊಲಿಕರು. ಅದಕ್ಕೆ ಜನ ಕೊಟ್ಟ ಉತ್ತರ ಮನೆಯಿಂದಲೇ ಬಂತು: ಕೌನ್ಸಿಲ್ ಬಾಡಿಗೆ, ಕಂದಾಯ ಕಟ್ಟಲ್ಲ ಅಂದರು. ಸರ್ಕಾರ ಅದೇ ವರ್ಷ ಸಾಲ ವಸೂಲಿ ಕಾಯ್ದೆ ತಂದು ಬಡವರ ಭತ್ಯೆಯಿಂದಲೇ ಬಾಡಿಗೆ ಮುರಿದುಕೊಂಡಿತು. ಮುಷ್ಕರ ಮಾಡದೆ ಬರೀ ಬಾಕಿ ಉಳಿಸಿಕೊಂಡ ಬಡವನಿಗೂ ಮುಷ್ಕರ ಮಾಡಿದವನಿಗೂ ನಡುವೆ ಇದ್ದ ಗೆರೆ ಹೀಗೆ ಅಳಿಸಿಹೋಯ್ತು. 1972ರ ಜನವರಿ 30ಕ್ಕೆ ಅದೇ ರಾಸ್‌ವಿಲ್ ಫ್ಲಾಟ್ಸ್ ಸುತ್ತಮುತ್ತ ಸೈನಿಕರ ಗುಂಡಿಗೆ 13 ಜನ ಬಿದ್ದರು, ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು.

ನಾಲ್ಕಾಣೆ

ಅಂದರೆ ಸುಧಾರಣೆ ಬಂದ ಮೇಲೆ ಹಿಂಸೆ ಜಾಸ್ತಿ ಆಯ್ತು. ಸುಧಾರಣೆ ಮಾಡದೇ ಇದ್ದಿದ್ರೆ?

ಶಾನುಭೋಗ

ಸುಧಾರಣೆ ಕಾಗದದಲ್ಲಿ, ಲಾಠಿ ಬೀದಿಯಲ್ಲಿ. ಎರಡರಲ್ಲಿ ಯಾವುದು ಮೊದಲು ಮನೆ ಬಾಗಿಲಿಗೆ ಬರುತ್ತೆ ಹೇಳಿ.

ಬೆವರಸಾಲ

ಸರಿಹೋದದ್ದರ ಬಗ್ಗೆ ಯಾರೂ ಬರೀತಿಲ್ಲ. ಬೇಸರದ ವಿಷಯ ಅಂತಲೋ ಏನೋ, ಬರೀ ಫಾರಂ, ರಿಜಿಸ್ಟರ್. ಆದರೆ ಕೆಲಸ ಮಾಡಿದ್ದು ಅದೇ.

ಮನೆ: 1971ರಲ್ಲಿ ಹೌಸಿಂಗ್ ಎಕ್ಸಿಕ್ಯುಟಿವ್ ಅನ್ನೋ ಒಂದೇ ಸಂಸ್ಥೆ ಮಾಡಿ ಕೌನ್ಸಿಲ್‌ಗಳ ಕೈಯಿಂದ ಮನೆ ಹಂಚಿಕೆಯನ್ನೇ ಕಿತ್ತುಕೊಂಡರು. ಇಕ್ಕಟ್ಟಿಗೆ ಇಷ್ಟು ಅಂಕ, ಮನೆಯ ದುಸ್ಥಿತಿಗೆ ಇಷ್ಟು ಅಂತ. ಶಾನುಭೋಗರು ಹೇಳಿದ ಗಾಣ ಅಲ್ಲಿಗೆ ನಿಂತಿತು.

ಕೆಲಸ: 1976ರ ಕಾಯ್ದೆ "ತಾರತಮ್ಯ ಮಾಡಬಾರದು" ಅಂತ ಹೇಳಿ ಸುಮ್ಮನಾಯ್ತು. ಮೇಲೆ ಕೊಟ್ಟ 1981ರ ಅಂಕಿ ನೋಡಿ, ಅದರಿಂದ ಏನಾಗಿದೆ ಅಂತ. ಅಮೆರಿಕದಲ್ಲಿರುವ ಐರಿಷ್ ಮೂಲದವರು 1984ರಲ್ಲಿ ಮ್ಯಾಕ್‌ಬ್ರೈಡ್ ತತ್ವಗಳು ಅಂತ ನ್ಯಾಯವಾದ ನೇಮಕಾತಿಯ ನಿಯಮಗಳನ್ನು ಹಿಡಿದು, ಇವನ್ನು ಪಾಲಿಸದ ಕಂಪನಿಯಲ್ಲಿ ಹೂಡಿಕೆ ಬೇಡ ಅಂತ ಒತ್ತಡ ತಂದರು. ಆಮೇಲೆ ಬಂದದ್ದು 1989ರ ಹಲ್ಲಿರುವ ಕಾಯ್ದೆ. 1998ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಈಗ ನಡೆಯೋದು ಹೀಗೆ: ವಾರಕ್ಕೆ 16 ಗಂಟೆಗಿಂತ ಕಡಿಮೆಯಿಲ್ಲದೆ ದುಡಿಯುವ ಹತ್ತಕ್ಕಿಂತ ಹೆಚ್ಚು ಜನ ಇದ್ದರೆ ಖಾಸಗಿ ಮಾಲೀಕನೂ ಸಮಾನತಾ ಆಯೋಗದಲ್ಲಿ ನೋಂದಾಯಿಸಬೇಕು. ಕೆಲಸಗಾರರು, ಅರ್ಜಿದಾರರು ಯಾವ ಸಮುದಾಯದ ಹಿನ್ನೆಲೆಯವರು ಅಂತ ಕೇಳಿ ವರ್ಷಕ್ಕೊಮ್ಮೆ ಲೆಕ್ಕ ಸಲ್ಲಿಸಬೇಕು, ಸಲ್ಲಿಸದಿದ್ದರೆ ಅದು ಅಪರಾಧ. ಮೂರು ವರ್ಷಕ್ಕೊಮ್ಮೆ ತನ್ನ ನೇಮಕಾತಿ, ಬಡ್ತಿ ಪದ್ಧತಿಯನ್ನು ತಾನೇ ಪರಿಶೀಲಿಸಬೇಕು. ಕೊರತೆ ಕಂಡರೆ "ಇಂಥ ಸಮುದಾಯದವರ ಅರ್ಜಿಗೆ ವಿಶೇಷ ಸ್ವಾಗತ" ಅಂತ ಜಾಹೀರಾತಿನಲ್ಲಿ ಹಾಕುವಂಥ ಸೂಕ್ತ ಕ್ರಮ ಕೈಗೊಳ್ಳಬೇಕು, ಸಾಧ್ಯವಿದ್ದರೆ ಗುರಿ-ಗಡುವು ಇಟ್ಟುಕೊಳ್ಳಬೇಕು. ಮೀಸಲಾತಿ ಇಲ್ಲ, ಆಯ್ಕೆ ಅರ್ಹತೆ ಮೇಲೆಯೇ.

ಮಿರ್ಚಿಭಜಿ

ನಾ ನಾಸ್ತಿಕ, ಹೇಳಂಗಿಲ್ಲ ಅಂದ್ರ?

ಬೆವರಸಾಲ

ಫಾರಂನಲ್ಲಿ "ಎರಡೂ ಅಲ್ಲ" ಅಂತಲೂ ಒಂದು ಖಾನೆ ಇದೆ. ಏನೂ ತುಂಬದಿದ್ದರೆ ಓದಿದ ಶಾಲೆ, ಹೆಸರು, ವಿಳಾಸ ನೋಡಿ ಮಾಲೀಕನೇ ಗುರುತು ಹಾಕಬಹುದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಅಲ್ಲಿನ ಹಳೇ ತಮಾಷೆಯೇ ಇದೆಯಲ್ಲ, "ನೀನು ಪ್ರಾಟೆಸ್ಟೆಂಟ್ ನಾಸ್ತಿಕನೋ, ಕ್ಯಾಥೊಲಿಕ್ ನಾಸ್ತಿಕನೋ?" ಅಂತ. ಕಾನೂನು ಕೇಳೋದು ನಂಬಿಕೆಯನ್ನಲ್ಲ, ಸಮುದಾಯವನ್ನ.

ಸಂಜೆಮಲ್ಲಿಗೆ

ಮೀಸಲಾತಿ ಇಲ್ಲವೇ ಇಲ್ಲ ಅನ್ನೋದು ಪೂರ್ತಿ ಸರಿಯಲ್ಲ. ಪೊಲೀಸ್ ನೇಮಕಾತಿಯಲ್ಲಿ 2001ರಿಂದ 2011ರವರೆಗೆ 50:50 (ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು) ನಡೆಯಿತು, ಪೊಲೀಸ್ ಸುಧಾರಣೆಯ ಪ್ಯಾಟನ್ ಆಯೋಗದ ಶಿಫಾರಸು. ಶೇ. 8ರಷ್ಟಿದ್ದ ಕ್ಯಾಥೊಲಿಕರು ಸುಮಾರು 30ಕ್ಕೆ ಏರಿದರು. ಗಡುವು ಮುಗಿದ ಮೇಲೆ ಅಲ್ಲೇ ನಿಂತುಬಿಟ್ಟಿದೆ.

ಬೆವರಸಾಲ

ಹೌದು, ಬಿಟ್ಟುಹೋಗಿತ್ತು. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಎದುರುವಾದಿ

ಇಷ್ಟೆಲ್ಲ ಆದರೂ ಜನ ಒಟ್ಟಿಗೆ ಬದುಕ್ತಿದ್ದಾರಾ? ಸರ್ಕಾರಿ ವಸತಿ ಬಡಾವಣೆಗಳಲ್ಲಿ ಬಹುಪಾಲು ಇವತ್ತಿಗೂ ಒಂದೇ ಸಮುದಾಯದವು. ನಡುವೆ "ಶಾಂತಿಗೋಡೆ" ಅಂತ ಎತ್ತರದ ಗೋಡೆಗಳು. ಅಂಕಪದ್ಧತಿಯೂ ಹಾಳಾಯ್ತು. ಬೆದರಿಕೆಯಿಂದ ಮನೆ ಬಿಟ್ಟವರಿಗೆ 200 ಅಂಕ ಅಂತ ಇಟ್ಟಿದ್ದರು. ಬೇರೆ ಕಾರಣಕ್ಕೆ ಸಿಗುತ್ತಿದ್ದ ಅಂಕ ಹತ್ತು, ಇಪ್ಪತ್ತು, ಎಪ್ಪತ್ತು. ಸುಳ್ಳು ಬೆದರಿಕೆ ಹೇಳಿಸಿಕೊಂಡು ಸಾಲು ಹಾರುತ್ತಾರೆ ಅಂತ ದೂರು ಬಂದದ್ದು ಅದಕ್ಕೇ. ಮನೆ ಯಾರಿಗೆ ಅಂತ ಮತ್ತೆ ಬಂದೂಕಿನವರೇ ನಿರ್ಧರಿಸಿದ ಹಾಗಾಯ್ತು.

ಕಡಲಕರೆ

ಅದು ಸರಿ. ಆದರೆ ಒಟ್ಟಿಗೆ ಊಟ ಮಾಡಿಸುವುದು ಆ ಕಾಯ್ದೆಯ ಕೆಲಸ ಅಲ್ಲ. ಲೆಕ್ಕ ಕೊಡುವ ಸಂಸ್ಥೆಗಳಲ್ಲಿ ಈಗ ಕ್ಯಾಥೊಲಿಕರು ಸುಮಾರು ಅರ್ಧ. 2021ರ ಜನಗಣತಿಯಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು ಶೇ. 45.7, ಪ್ರಾಟೆಸ್ಟೆಂಟ್ ಮತ್ತು ಇತರ ಕ್ರೈಸ್ತ ಹಿನ್ನೆಲೆಯವರು 43.5. ಇನ್ನು ಮುಂದೆ ದೂರು ಆಚೆ ಕಡೆಯಿಂದಲೂ ಬರಲಿಕ್ಕುಂಟು, ಆಗಲೂ ಬೇಕಾಗುವುದು ಇದೇ ರಿಜಿಸ್ಟರ್.

ತುಂಗಾತೀರ

ನಮ್ಮಲ್ಲಿ ಇಂಥದ್ದು ಯೋಚನೆಗೂ ಬಂದಿಲ್ವಾ?

ಶಾನುಭೋಗ

ಬಂದಿತ್ತು. 2006ರ ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗ ಬೇಕು ಅಂತ ಹೇಳಿತು, ಕೆಲಸ-ಶಿಕ್ಷಣ-ವಸತಿಯಲ್ಲಿ ಎಷ್ಟು ವೈವಿಧ್ಯ ಇದೆ ಅಂತ ಅಳೆದು ಪ್ರೋತ್ಸಾಹ ಕೊಡಿ ಅಂತಲೂ ಹೇಳಿತು. ಆಯೋಗದ ಸ್ವರೂಪ ಹೇಳೋಕೆ ಮಾಧವ ಮೆನನ್, ಅಳತೆಗೋಲು ಮಾಡೋಕೆ ಅಮಿತಾಭ್ ಕುಂಡು, ಇಬ್ಬರ ನೇತೃತ್ವದಲ್ಲೂ ತಜ್ಞರ ಗುಂಪು ಕೂತು 2008ರಲ್ಲಿ ವರದಿ ಕೊಟ್ಟವು. ಕಾಯ್ದೆ ಆಗಲಿಲ್ಲ. ನಮ್ಮ ವಾದವೆಲ್ಲ ಸರ್ಕಾರಿ ಹುದ್ದೆಯ ಶೇಕಡಾವಾರಿನ ಸುತ್ತಲೇ, 2ಬಿಯ 4 ಇರಬೇಕೋ ಬೇಡವೋ ಅಂತ. ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಯಾರು ಎಷ್ಟು ಜನ ಅಂತ ಕೇಳೋ ಕಾನೂನೇ ಇಲ್ಲ.

ನಾಲ್ಕಾಣೆ

2ಬಿ ಅಂದ್ರಾ? ಶುರುವಾಯ್ತು ನೋಡಿ…

ನಿರ್ವಾಹಕ

ಶುರುವಾಗಲ್ಲ. 2ಬಿಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಡೆರಿ ಮಾತ್ರ.

ಮಿರ್ಚಿಭಜಿ

ಕಡೀ ಪ್ರಶ್ನೆ. ಆ ಫಾರಂ ಸಂದರ್ಶನ ಮಾಡಾವ್ರ ಕೈಗೇ ಸಿಕ್ರ? ಜಾತಿ ನೋಡಿ ತಗೊಳ್ಳಾಕ ಇನ್ನೂ ಸಲೀಸಾತಲ್ಲ!

ಬೆವರಸಾಲ

ಸಿಗಬಾರದು. ಫಾರಂ ಅರ್ಜಿಯಿಂದ ಬೇರೆ ಕಾಗದ, ಬೇರೆ ಲಕೋಟೆ. ಅದರ ಮೇಲೆ ಹೆಸರಿನ ಬದಲು ಸಂಖ್ಯೆ. ತೆರೆಯೋದು ಅದಕ್ಕೆ ಅಂತಲೇ ನೇಮಿಸಿದ ಒಬ್ಬರು, ಆಯ್ಕೆ ಸಮಿತಿಗೆ ತೋರಿಸೋ ಹಾಗಿಲ್ಲ, ಮಾಹಿತಿ ಹೊರಗೆ ಬಿಟ್ಟರೆ ಅದೇ ಅಪರಾಧ. ಸಣ್ಣ ಕಂಪನಿಯಲ್ಲಿ ಲಕೋಟೆ ತೆರೆಯುವವನೂ ಸಂದರ್ಶನ ಮಾಡುವವನೂ ಒಬ್ಬನೇ ಆಗಿಬಿಡೋದುಂಟು, ಎಡವೋದು ಅಲ್ಲಿ.